ಎರೆಹೊಲದ ಅಡವಿಬೆಕ್ಕು

ಹಿಂಗಾರಿ ಬಿಳಿಜೋಳ ಹಾಲುಗಾಳಿಗೆ ಬಂದು ಸೀತನಿ ಸುಡುವ ದಿನಗಳಲ್ಲಿ ನವಲಗುಂದದ ಎರೆಹೊಲಗಳನ್ನು ನೋಡಬೇಕು. ಆಳೆತ್ತರದ ದಂಟಿನ ಬುಡದಲ್ಲಿ ಎಲೆಗಳು ಒಣಗಿ ಮಾಸಲು ಹಳದಿಗೆ ತಿರುಗಿರುತ್ತವೆ. ಬದುವಿನ ಹುಲ್ಲು ಬಿಸಿಲಿಗೆ ಬೆಂದು ಬೂದುಗಂದಾಗಿರುತ್ತದೆ. ನಡುನಡುವೆ ಬಿರಿದ ಕರಿಮಣ್ಣು. ಈ ಮೂರೂ ಬಣ್ಣಗಳನ್ನು ಒಂದೇ ಮೈಮೇಲೆ ಹೊತ್ತು ತಿರುಗುವ ಪ್ರಾಣಿಯೊಂದು ಈ ಹೊಲಗಳಲ್ಲೇ ಇದೆ. ಪಕ್ಕೆ ಮಾಸಲು ಹಳದಿ, ಬೆನ್ನು ಬೂದುಗಂದು, ಬಾಲದ ತುದಿ ಕಪ್ಪು. ಅದು ಅಡವಿಬೆಕ್ಕು. ಪುಸ್ತಕಗಳು ಕಾಡುಬೆಕ್ಕು ಎನ್ನುತ್ತವೆ. ಆದರೆ ಅದಕ್ಕೆ ದಟ್ಟ ಕಾಡು ಬೇಕಿಲ್ಲ. ಹುಲ್ಲು, ಜೊಂಡು, ಹಳ್ಳದ ದಂಡೆ, ಬೆಳೆದುನಿಂತ ಪೈರು ಇಷ್ಟಿದ್ದರೆ ಸಾಕು. ಹುಲಿಯನ್ನು ನೋಡಲು ಟಿಕೆಟ್ ತೆಗೆಸಿ ದೂರದ ಕಾಡಿಗೆ ಹೋಗುವ ನಾವು, ಅದೇ ಕುಲದ ಇಷ್ಟು ಚೆಲುವಾದ ಜೀವವೊಂದು ನಮ್ಮ ಕಡಲೆ ಹೊಲದ ಅಂಚಿನಲ್ಲೇ ದಿನವೂ ಹಾಯುತ್ತದೆ ಎಂಬುದನ್ನು ಮರೆತಿದ್ದೇವೆ.

ಮೊದಲ ನೋಟಕ್ಕೆ ಅದು ಊರ ಬೆಕ್ಕೇ ಎನಿಸಬಹುದು. ಎರಡನೆಯ ನೋಟಕ್ಕೆ ಹಾಗೆನಿಸದು. ಕಾಲು ಬಲು ಉದ್ದ. ಮೈ ನೆಲದಿಂದ ಎತ್ತರಕ್ಕೆ ಎದ್ದುನಿಂತಿರುತ್ತದೆ. ಬಾಲ ಮಾತ್ರ ಗಿಡ್ಡ. ಮೈ ಉದ್ದದ ಮೂರನೆಯ ಒಂದು ಪಾಲಿನಷ್ಟು. ಅದರ ತುದಿಯಲ್ಲಿ ಕರಿಯ ಉಂಗುರಗಳು. ಕಿವಿ ದೊಡ್ಡವು, ನೆಟ್ಟಗೆ, ಒಂದಕ್ಕೊಂದು ಹತ್ತಿರ. ತುದಿಗೆ ನಾಲ್ಕಾರು ಕಪ್ಪು ಕೂದಲ ಸಣ್ಣ ಕುಚ್ಚು. ಕಣ್ಣಿನ ಸುತ್ತ ಯಾರೋ ಸುಣ್ಣದ ಬೆರಳಾಡಿಸಿದಷ್ಟು ಬೆಳ್ಳನೆಯ ಗೆರೆ. ಮೈತುಂಬ ಚುಕ್ಕೆ ಇಲ್ಲ, ಪಟ್ಟೆ ಇಲ್ಲ. ಹತ್ತಿರ ಹೋದರೆ ಮುಂಗಾಲಿನ ಒಳಮಗ್ಗುಲಲ್ಲಿ ಅಳಿಸಿದಂಥ ಅಡ್ಡಗೆರೆಗಳು ಮಾತ್ರ ಕಾಣುತ್ತವೆ. ಮರಿಗಳ ಮೈಮೇಲೆ ಪಟ್ಟೆ ಸ್ಪಷ್ಟವಾಗಿರುತ್ತದೆ, ಬೆಳೆಬೆಳೆದಂತೆ ಮಾಸುತ್ತದೆ. ಚಿರತೆಗೂ ಹುಲಿಗೂ ಮೈಮೇಲೆ ಚಿತ್ತಾರ ಬೇಕಾಯಿತು, ಏಕೆಂದರೆ ಅವುಗಳ ಕಾಡಿನಲ್ಲಿ ಬೆಳಕು ಎಲೆಗಳಿಂದ ಸೋಸಿ ಬೀಳುತ್ತದೆ. ಬಟ್ಟಬಯಲಿನ ಬೆಕ್ಕಿಗೆ ಬಯಲಿನ ಬಣ್ಣವೇ ಸಾಕಾಯಿತು. ಅಲಂಕಾರವೇ ಇಲ್ಲದ ಈ ಮೈಯಲ್ಲಿ ಎಷ್ಟು ಘನತೆ ಇದೆ ಎಂಬುದು ಅದು ನಡೆಯತೊಡಗಿದಾಗ ತಿಳಿಯುತ್ತದೆ.

ಆ ನಡಿಗೆಯನ್ನು ನೋಡಿದಾಗ ನನಗೆ ನೆನಪಾಗುವುದು ಕುಂದಗೋಳ. ಸವಾಯಿ ಗಂಧರ್ವರು ಕಿರಾಣಾ ಘರಾಣೆಯ ಗಾಯನಶೈಲಿಯನ್ನು ಹರಡಿದ ಊರು ಅದು. ಒಂದು ಸ್ವರದ ಮೇಲೆ ನಿಂತು, ಅದು ಪೂರ್ತಿ ಬೆಳಗಿದ ಮೇಲಷ್ಟೇ ಮುಂದಿನ ಸ್ವರಕ್ಕೆ ಹೋಗುವ ವಿಲಂಬಿತದ ಬಢತ್‌ನಂತೆಯೇ ಈ ಬೆಕ್ಕಿನ ಹೆಜ್ಜೆ. ಮುಂಗಾಲು ಎತ್ತಿ ಗಾಳಿಯಲ್ಲೇ ತಡೆಯುತ್ತದೆ. ಕಿವಿ ಎಡಕ್ಕೆ ಹೊರಳುತ್ತದೆ, ಬಲಕ್ಕೆ ಹೊರಳುತ್ತದೆ. ಆಮೇಲೆ ಕಾಲು ಹೆಂಟೆಯನ್ನು ತಪ್ಪಿಸಿ ಮೆತ್ತನೆಯ ಮಣ್ಣಿನ ಮೇಲೆ ಇಳಿಯುತ್ತದೆ. ಹಿಂಗಾಲು ಬಂದು ಸರಿಯಾಗಿ ಮುಂಗಾಲಿನ ಗುರುತಿನ ಮೇಲೇ ಕೂರುತ್ತದೆ. ಹೀಗೆ ನಡೆಯುವುದರಿಂದ ಸಪ್ಪಳ ತಗ್ಗುತ್ತದೆ. ನಾಲ್ಕು ಹೆಜ್ಜೆಗೆ ಎಷ್ಟೋ ಹೊತ್ತು. ಒಮ್ಮೆಲೇ ನಾಲ್ಕೂ ಕಾಲು ನೆಲ ಬಿಟ್ಟು ಮೇಲೆದ್ದು, ಕಮಾನಾಗಿ ಬಾಗಿ, ಮುಂಗಾಲೆರಡನ್ನೂ ಒಟ್ಟಿಗೆ ಹುಲ್ಲಿನೊಳಗೆ ಊರುತ್ತದೆ. ಹುಲ್ಲಿನೊಳಗೆ ಇಲಿ ಅದರ ಕಣ್ಣಿಗೆ ಕಂಡೇ ಇರುವುದಿಲ್ಲ. ಕಿವಿ ಹೇಳಿದ ಜಾಗಕ್ಕೆ ಮೈ ಹೋಗಿ ಬಿದ್ದಿರುತ್ತದೆ. ಮನುಷ್ಯನ ಕಿವಿ ಕೇಳುವುದು 20 ಕಿಲೋಹರ್ಟ್ಸ್‌ವರೆಗೆ. ಬೆಕ್ಕಿನ ಕಿವಿ 60 ಕಿಲೋಹರ್ಟ್ಸ್ ದಾಟಿಯೂ ಕೇಳುತ್ತದೆ. ಇಲಿಗಳು ತಮ್ಮತಮ್ಮಲ್ಲಿ ಆಡಿಕೊಳ್ಳುವ ಸೂಕ್ಷ್ಮ ದನಿ ನಮ್ಮ ಪಾಲಿಗೆ ಇಲ್ಲವೇ ಇಲ್ಲ. ಬೆಕ್ಕಿನ ಪಾಲಿಗೆ ಇಡೀ ಹೊಲ ಆ ದನಿಯಿಂದ ತುಂಬಿರುತ್ತದೆ.

ಈ ಪ್ರಾಣಿಯ ಬಂಧುಬಳಗ ಬಲು ದೂರದವರೆಗೆ ಹಬ್ಬಿದೆ. ಈಜಿಪ್ಟಿನ ನೈಲ್ ನದಿಯ ಮುಖಜಭೂಮಿಯಿಂದ ಹಿಡಿದು ನಮ್ಮ ಬೆಣ್ಣಿಹಳ್ಳದ ದಂಡೆಯನ್ನು ಹಾಯ್ದು ಆಗ್ನೇಯ ಏಷ್ಯಾದವರೆಗೆ ಅಡವಿಬೆಕ್ಕು ಒಂದೇ ಜಾತಿ. ಆಫ್ರಿಕದ ಮಟ್ಟಿಗೆ ಅದು ಈಜಿಪ್ಟಿನ ಜೊಂಡಿನಲ್ಲಿ ಮಾತ್ರ ಉಂಟು. ಪ್ರಾಚೀನ ಈಜಿಪ್ಟಿನವರು ಮಮ್ಮಿ ಮಾಡಿಟ್ಟ ಬೆಕ್ಕುಗಳಲ್ಲಿ ಕೆಲವು ಇದೇ ಜಾತಿಯವು. ಆದರೆ ಮನೆಯೊಳಗೆ ಬಂದದ್ದು ಇದಲ್ಲ, ಇದರ ದಾಯಾದಿಯಾದ ಆಫ್ರಿಕದ ಕಾಡುಬೆಕ್ಕು, ಫೆಲಿಸ್ ಲಿಬಿಕಾ. ಜಗತ್ತಿನ ಎಲ್ಲ ಮನೆಬೆಕ್ಕುಗಳ ಮೂಲ ಪಶ್ಚಿಮ ಏಷ್ಯಾದಲ್ಲಿದ್ದ ಈ ಲಿಬಿಕಾ ಎಂದು 2007ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನ ತೋರಿಸಿಕೊಟ್ಟಿತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಳೆಯ ಸಮಾಧಿಯೊಂದರಲ್ಲಿ ಮನುಷ್ಯನ ಮಗ್ಗುಲಲ್ಲೇ ಮಲಗಿಸಿದ ಬೆಕ್ಕು ಸಿಕ್ಕಿದೆ. ಕಾರಣ ಸರಳ. ಮನುಷ್ಯ ಕಾಳು ಕೂಡಿಟ್ಟ, ಕಾಳಿಗೆ ಇಲಿ ಬಂತು, ಇಲಿಗೆ ಬೆಕ್ಕು ಬಂತು. ಹಗೇವಿನಲ್ಲಿ ಜೋಳ ತುಂಬಿಟ್ಟುಕೊಂಡು ಬದುಕಿದ ಧಾರವಾಡದ ಹಳ್ಳಿಗಳಿಗೆ ಈ ಕತೆಯನ್ನು ಬಿಡಿಸಿ ಹೇಳಬೇಕಿಲ್ಲ. ಅಣ್ಣಿಗೇರಿಯ ಯಾವುದೋ ಮನೆಯ ಪಡಸಾಲೆಯಲ್ಲಿ ಕಾಳಿನ ಚೀಲದ ಮೇಲೆ ಮಲಗಿರುವ ಬೆಕ್ಕು ಲಿಬಿಕಾದ ಕುಡಿ. ಆ ಮನೆಯ ಹೊಲದ ಬದುವಿನಲ್ಲಿ ಹಾಯುವ ಅಡವಿಬೆಕ್ಕು ಅದರ ದಾಯಾದಿ. ಒಂದು ಹಗೇವನ್ನು ಕಾಯುತ್ತದೆ, ಇನ್ನೊಂದು ಹೊಲವನ್ನು ಕಾಯುತ್ತದೆ.

ಹೊಲ ಕಾಯುವುದೆಂದರೆ ಏನೆಂದು ತಿಳಿಯಲು ಇದೇ ಸೀಮೆಯ ಹಳೆಯ ದಾಖಲೆಯೊಂದನ್ನು ತೆರೆಯಬೇಕು. 1824ರ ಅಕ್ಟೋಬರಿನಲ್ಲಿ ಕಿತ್ತೂರಿನ ಕಾಳಗದಲ್ಲಿ ಕಲೆಕ್ಟರ್ ಥ್ಯಾಕರೆ ಬಿದ್ದಾಗ ಸೆರೆ ಸಿಕ್ಕ ಇಬ್ಬರು ಬ್ರಿಟಿಷ್ ಅಧಿಕಾರಿಗಳಲ್ಲಿ ಒಬ್ಬ ವಾಲ್ಟರ್ ಎಲಿಯಟ್. ಕಿತ್ತೂರಿನವರು ಅವನನ್ನು ಚೆನ್ನಾಗಿ ನೋಡಿಕೊಂಡು ಬಿಟ್ಟುಕಳಿಸಿದರು. ಆ ಎಲಿಯಟ್ 1833ರವರೆಗೆ ಈ ಭಾಗದಲ್ಲೇ ಉಳಿದು, ಶಾಸನಗಳ ಜೊತೆಗೆ ಪ್ರಾಣಿಗಳ ಹಿಂದೆಯೂ ಬಿದ್ದ. 1839ರಲ್ಲಿ ಮದರಾಸಿನ ವಿದ್ವತ್ ಪತ್ರಿಕೆಯಲ್ಲಿ ದಕ್ಷಿಣ ಮರಾಠಾ ಸೀಮೆಯ, ಅಂದರೆ ಮುಖ್ಯವಾಗಿ ಧಾರವಾಡದ ಸುತ್ತಲಿನ, ಸ್ತನಿಗಳ ಪಟ್ಟಿಯನ್ನು ಪ್ರಕಟಿಸಿದ. ಜನ ಯಾವ ಪ್ರಾಣಿಯನ್ನು ಏನೆಂದು ಕರೆಯುತ್ತಾರೆ ಎಂಬುದನ್ನೂ ಅದರಲ್ಲಿ ಬರೆದಿಟ್ಟ. ಒಂದು ಇಲಿಯ ವೈಜ್ಞಾನಿಕ ಹೆಸರಿನಲ್ಲಿ ಇವತ್ತಿಗೂ ಎಲಿಯಟ್ ಇದ್ದಾನೆ. ಇನ್ನೊಂದು ಇಲಿಯ ಹೆಸರಿನಲ್ಲಿ ಈ ನೆಲದ ವಡ್ಡರ ಮಾತೇ ಇದೆ; ಅವರು ಮೆಟ್ಟಾಡ ಎನ್ನುತ್ತಿದ್ದ ಮೆತ್ತನೆಯ ಕೂದಲಿನ ಹೊಲದ ಇಲಿ ವಿಜ್ಞಾನದಲ್ಲಿ ಮಿಲ್ಲಾರ್ಡಿಯಾ ಮೆಲ್ಟಾಡಾ ಆಯಿತು.

ಈ ಮೆಟ್ಟಾಡದ ಬಗ್ಗೆ ಎಲಿಯಟ್ ಬರೆದದ್ದನ್ನು ಎರೆಭೂಮಿಯ ರೈತ ಇವತ್ತು ಓದಿದರೂ ತಲೆದೂಗುತ್ತಾನೆ. ಅದು ಪೊದೆಯ ಬೇರಿನಡಿ, ಹೊಲದಲ್ಲಿ ಆಯ್ದು ಗುಡ್ಡೆ ಹಾಕಿದ ಕಲ್ಲಿನ ಸಂದಿ, ಎರೆಮಣ್ಣಿನ ಆಳವಾದ ಬಿರುಕುಗಳಲ್ಲಿ ವಾಸ ಮಾಡುತ್ತದೆ. ಮುಂಗಾರಿನ ಮೊದಲ ಜೋರು ಮಳೆಗೆ ಬಿರುಕುಗಳು ಕುಸಿದು ಮುಚ್ಚುತ್ತವೆ, ಇಲಿಗಳು ರಾಶಿರಾಶಿ ಸಾಯುತ್ತವೆ. 1826ರಲ್ಲಿ ಆ ಮೊದಲ ಮಳೆ ಸಾಲದೇ ಹೋಯಿತು. ಬಿರುಕುಗಳು ಬಾಯಿ ತೆರೆದೇ ಉಳಿದವು. ಇಲಿ ಲೆಕ್ಕವಿಲ್ಲದಷ್ಟು ಹೆಚ್ಚಿದವು. ಕೂರಿಗೆಯಿಂದ ಬಿದ್ದ ಬೀಜವನ್ನು ಬಿದ್ದ ಹಾಗೆಯೇ ತಿಂದವು. ಉಳಿದು ಬೆಳೆದ ಜೋಳದ ದಂಟನ್ನು ಏರಿ ತೆನೆಯನ್ನೇ ಕತ್ತರಿಸಿ ಕೆಡವಿದವು. ಹೊಲಕ್ಕೆ ಹೊಲವೇ ಹಾಳಾಗಿ ರೈತರಿಗೆ ಕಂದಾಯ ಕಟ್ಟಲಾಗಲಿಲ್ಲ. ಇಷ್ಟು ಡಜನ್ ಇಲಿಗೆ ಇಷ್ಟು ಅಳತೆ ಕಾಳು ಎಂದು ಗೊತ್ತುಮಾಡಿ ವಡ್ಡರಿಂದ ಇಲಿ ಕೊಲ್ಲಿಸಿದರು. ಸಾವಿರಗಟ್ಟಲೆ ಕೊಂದರೂ ಇಲಿ ಕಡಿಮೆಯಾದ ಹಾಗೆ ಕಾಣಲಿಲ್ಲವಂತೆ. ಎರೆಭೂಮಿಯ ಬಿರುಕು ಇವತ್ತಿಗೂ ಹಾಗೆಯೇ ಬಿಡುತ್ತದೆ, ಇಲಿಯೂ ಅದೇ.

ಅಂಥ ನೆಲದಲ್ಲಿ ಒಂದು ಅಡವಿಬೆಕ್ಕಿನ ಬೆಲೆ ಎಷ್ಟು? ರಾಜಸ್ಥಾನದ ಸಾರಿಸ್ಕಾದಲ್ಲಿ ಶೋಮಿತಾ ಮುಖರ್ಜಿ ಮತ್ತು ಸಂಗಡಿಗರು ನಡೆಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಒಂದು ಅಡವಿಬೆಕ್ಕು ದಿನಕ್ಕೆ ಮೂರರಿಂದ ಐದು ಇಲಿ ಹಿಡಿಯುತ್ತದೆ. ಮೂರೇ ಎಂದು ಹಿಡಿದರೂ ವರ್ಷಕ್ಕೆ ಸಾವಿರ ದಾಟಿತು. ಯಾವ ಕೂಲಿಯೂ ಇಲ್ಲದೆ, ಯಾವ ಪಾಷಾಣವೂ ಇಲ್ಲದೆ. ಬರದಿಂದ ಎದ್ದ ಇಲಿಗಳ ದಂಡನ್ನು ಬೆಕ್ಕೊಂದೇ ತಡೆದೀತು ಎನ್ನುವಂತಿಲ್ಲ. ಆದರೆ ಸಾಮಾನ್ಯ ವರ್ಷಗಳಲ್ಲಿ ಇಲಿ ಇಲಿಯಷ್ಟೇ ಆಗಿ ಉಳಿಯುವಲ್ಲಿ ಹಾವು, ಗೂಗೆ, ನರಿಗಳ ಜೊತೆ ಈ ಬೆಕ್ಕಿನ ಪಾಲೂ ಇದೆ. ಅನುಭವಸ್ಥ ರೈತರು ಇದನ್ನು ಒಂದೇ ಮಾತಿನಲ್ಲಿ ಮುಗಿಸುತ್ತಾರೆ: “ಅದು ನಮಗೇನ್ ಮಾಡೂದಿಲ್ರೀ, ಇಲಿ ತಿಂತೈತಿ, ಹೋಗ್ತೈತಿ. ಇರ್ಲಿ ಬಿಡ್ರಿ.” ಕೋಳಿ ಕಳಕೊಂಡವರು ಮಾತ್ರ ಬೇರೆ ಮಾತಾಡುತ್ತಾರೆ, ಅದೂ ಸಹಜವೇ. ಗೂಡಿಗೆ ರಾತ್ರಿ ಗಟ್ಟಿಯಾದ ಬಾಗಿಲು ಹಾಕಿದರೆ ಆ ಜಗಳ ಮುಗಿಯುತ್ತದೆ.

ಈ ಬೆಕ್ಕು ಮನುಷ್ಯರ ಕೈಗೆ ಸಿಕ್ಕುವುದು ಸುಗ್ಗಿಯ ಕಾಲದಲ್ಲಿ. ತಾಯಿ ಪೈರಿನ ನಡುವೆಯೋ ಬಣವಿಯ ಬುಡದಲ್ಲೋ ಹುಲ್ಲು ತುಳಿದು ಹಾಸಿಗೆ ಮಾಡಿ ಮರಿ ಹಾಕಿರುತ್ತದೆ. ಬಸಿರು ಎರಡು ತಿಂಗಳ ಮೇಲೆ ಕೆಲವು ದಿನ. ಒಂದು ಸೂಲಿಗೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ಮರಿ. ಕಣ್ಣು ಬಿಡಲು ಹತ್ತು ಹನ್ನೆರಡು ದಿನ ಬೇಕು. ಕುಡುಗೋಲು ಹಿಡಿದ ಆಳುಗಳು ಸಾಲು ಹಿಡಿದು ಕೊಯ್ಯುತ್ತ ಬಂದಾಗ, ಇಲ್ಲವೇ ಕಟಾವಿನ ಯಂತ್ರ ಸದ್ದು ಮಾಡುತ್ತ ಬಂದಾಗ, ತಾಯಿ ಓಡಿ ಅಡಗುತ್ತದೆ. ದಂಟು ಬಿದ್ದ ಜಾಗದಲ್ಲಿ ಪಟ್ಟೆಪಟ್ಟೆಯ ಮರಿಗಳು ಕಾಣುತ್ತವೆ. ಚಿರತೆ ಮರಿ ಎಂದು ಒಬ್ಬರು ಕೂಗುತ್ತಾರೆ, ಮೊಬೈಲಿನಲ್ಲಿ ಫೋಟೋ ಹೊಡೆಯುತ್ತಾರೆ, ಅಯ್ಯೋ ಪಾಪ ತಾಯಿ ಬಿಟ್ಟುಹೋಗಿದೆ ಎಂದು ಯಾರೋ ಟವೆಲಿನಲ್ಲಿ ಸುತ್ತಿ ಮನೆಗೆ ಒಯ್ಯುತ್ತಾರೆ. ಆ ಕರುಣೆ ನಿಜವಾದದ್ದೇ. ಆದರೆ ತಾಯಿ ಬಿಟ್ಟುಹೋಗಿರುವುದಿಲ್ಲ. ಎರಡು ಹೊಲದಾಚೆ ಜಾಲಿ ಪೊದೆಯಲ್ಲಿ ಕೂತು, ಸದ್ದಡಗಿ ಮಬ್ಬು ಕವಿಯುವುದನ್ನೇ ಕಾಯುತ್ತಿರುತ್ತದೆ.

ಮರಿಯನ್ನು ಮನೆಯಲ್ಲಿ ಉಳಿಸಿಕೊಳ್ಳುವುದು ಅಂದುಕೊಂಡಷ್ಟು ಸುಲಭವಲ್ಲ. ಆಕಳ ಹಾಲು ಕುಡಿಸಿದರೆ ಹೊಟ್ಟೆ ಕೆಟ್ಟು ಭೇದಿಯಾಗುತ್ತದೆ. ಮೈ ತಣ್ಣಗಾದ ಮರಿಗೆ ಯಾವ ಹಾಲೂ ಅರಗುವುದಿಲ್ಲ. ಮೊದಲು ಬೆಚ್ಚಗಾಗಬೇಕು, ಆಮೇಲೆ ಹಾಲು. ಅಂಗಾತ ಮಲಗಿಸಿ ಕುಡಿಸಿದರೆ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ತಾಯಿಯ ಮೊಲೆ ಚೀಪುವಾಗ ಇರುವ ಹಾಗೆ ಹೊಟ್ಟೆ ಕೆಳಗಾಗಿಯೇ ಇರಬೇಕು. ಪ್ರತಿ ಸಲ ಕುಡಿಸಿದ ಮೇಲೆ ಬೆಚ್ಚನೆಯ ಒದ್ದೆ ಹತ್ತಿಯಿಂದ ಹಿಂಭಾಗ ಒರೆಸದಿದ್ದರೆ ಮೂತ್ರವೇ ಆಗುವುದಿಲ್ಲ. ತಾಯಿ ನಾಲಿಗೆಯಿಂದ ಮಾಡುವ ಕೆಲಸ ಅದು. ಬೆಳೆದ ಮೇಲೆ ಬರಿ ಮಾಂಸದ ತುಂಡು ಹಾಕಿದರೆ ಸುಣ್ಣದಂಶ ಸಾಲದೆ ಎಲುಬು ಬಾಗುತ್ತವೆ. ಟಾರಿನ್ ಎಂಬ ಅಂಶವನ್ನು ಬೆಕ್ಕಿನ ಮೈ ತನಗೆ ಬೇಕಾದಷ್ಟು ತಾನೇ ಮಾಡಿಕೊಳ್ಳಲಾರದು; ಆಹಾರದಲ್ಲಿ ಅದು ಕಡಿಮೆಯಾದರೆ ಕಣ್ಣು ಹೋಗುತ್ತದೆ, ಹೃದಯ ಸೋಲುತ್ತದೆ. ಎಲುಬು, ಕರುಳು, ಕೂದಲು ಎಲ್ಲ ಸೇರಿದ ಇಡೀ ಇಲಿಯಲ್ಲಿ ಇವೆಲ್ಲ ತಾವಾಗಿಯೇ ಕೂಡಿಬಂದಿವೆ. ಊರ ಬೆಕ್ಕಿನ ಸಾಂಕ್ರಾಮಿಕ ರೋಗ ತಾಗಿದರೆ ಕೆಲವೇ ದಿನಗಳಲ್ಲಿ ಮರಿ ಸಾಯಬಹುದು.

ಇದನ್ನೆಲ್ಲ ಬಲ್ಲ ಒಳ್ಳೆಯ ಪಾಲಕನ ಕೆಲಸವನ್ನು ನೋಡುವುದೂ ಒಂದು ಸುಖ. ಅವನು ಮರಿಯನ್ನು ಮುದ್ದಿಸುವುದಿಲ್ಲ, ಹೆಸರಿಟ್ಟು ಕರೆಯುವುದಿಲ್ಲ, ಮಕ್ಕಳಿಗೆ ಮುಟ್ಟಗೊಡುವುದಿಲ್ಲ. ಪಂಜರಕ್ಕೆ ಮಾತ್ರ ಹುಲ್ಲು ತಂದು ಹಾಕುತ್ತಾನೆ, ಅಡಗಲು ಎರಡು ಕಡೆ ಮರೆ ಮಾಡುತ್ತಾನೆ, ಹತ್ತಿ ಕೂರಲು ದಿಮ್ಮಿ ಇಡುತ್ತಾನೆ, ತಿನಿಸನ್ನು ದಿನವೂ ಬೇರೆಬೇರೆ ಜಾಗದಲ್ಲಿ ಬಚ್ಚಿಡುತ್ತಾನೆ. ಮರಿ ತನ್ನನ್ನು ಕಂಡು ಕಿವಿ ಹಿಂದಕ್ಕೆ ಮಡಚಿ ಬುಸ್ ಎಂದರೆ ಅವನಿಗೆ ಸಮಾಧಾನ. ಆ ಬುಸುಗುಟ್ಟುವಿಕೆಯಲ್ಲಿ ಹೊಲಕ್ಕೆ ಮರಳುವ ಶಕ್ತಿ ಇನ್ನೂ ಉಳಿದಿದೆ. ಮನುಷ್ಯನ ಕಾಲಿಗೆ ಮೈ ಉಜ್ಜುವುದನ್ನು ಕಲಿತ ಅಡವಿಬೆಕ್ಕಿಗೆ ಮರಳಲು ದಾರಿಯಿಲ್ಲ. ಅದು ಬದುಕಿರುವಷ್ಟು ಕಾಲ ಜಾಲರಿಯೇ ಅದರ ಜಗತ್ತು. ಸೆರೆಯಲ್ಲಿಟ್ಟು ನೋಡಿದ್ದರಿಂದ ನಮಗೆ ತಿಳಿದ ಒಂದು ಸೊಗಸಾದ ಸಂಗತಿಯೂ ಉಂಟು. ಗಂಡು ಅಡವಿಬೆಕ್ಕು ತನ್ನ ಮರಿಗಳನ್ನು ಬಲು ಜತನದಿಂದ ಕಾಯುತ್ತದೆ, ಕೆಲವೊಮ್ಮೆ ತಾಯಿಗಿಂತ ಹೆಚ್ಚಾಗಿ.

ಇಂಥ ಆರೈಕೆಯ ಕೊನೆಯ ಗಡಿ ಯಾವುದೆಂದು ಆಫ್ರಿಕದ ಸಣ್ಣ ಬೆಕ್ಕುಗಳ ಕತೆ ಹೇಳುತ್ತದೆ. ಸಹಾರಾದ ಮರಳುಬೆಕ್ಕು ಒಣಗಾಳಿಯ ಜೀವ. ಮೃಗಾಲಯದ ತೇವಕ್ಕೆ ಅದರ ಶ್ವಾಸಕೋಶ ಬೇಗ ಸೋಲುತ್ತದೆ. ದಕ್ಷಿಣ ಆಫ್ರಿಕದ ಕರಿಪಾದದ ಬೆಕ್ಕು ಆ ಖಂಡದ ಅತಿ ಚಿಕ್ಕ ಕಾಡುಬೆಕ್ಕು. ಒಂದರಿಂದ ಎರಡೂವರೆ ಕಿಲೋ ತೂಕ. ಕಿಂಬರ್ಲಿ ಬಳಿಯ ಬೆನ್‌ಫಾಂಟೈನ್ ಬಯಲಿನಲ್ಲಿ ಅಲೆಕ್ಸಾಂಡರ್ ಸ್ಲಿವಾ ವರ್ಷಗಟ್ಟಲೆ ಅದರ ಬೆನ್ನುಹತ್ತಿ, ಆ ಪುಟ್ಟ ಜೀವ ರಾತ್ರಿಯಿಡೀ ಮೈಲಿಗಟ್ಟಲೆ ನಡೆದು ಹತ್ತಕ್ಕೂ ಹೆಚ್ಚು ಬೇಟೆ ಹಿಡಿಯುವುದನ್ನು ಕಂಡರು. ಅಂಥ ಅಲೆಮಾರಿಯನ್ನು ಮೃಗಾಲಯಕ್ಕೆ ತಂದಾಗ ಅಮಿಲಾಯ್ಡೋಸಿಸ್ ಎಂಬ ಕಾಯಿಲೆ ಬೆನ್ನು ಬಿಡಲಿಲ್ಲ. ಪ್ರೋಟೀನು ಮೂತ್ರಪಿಂಡದಲ್ಲಿ ಜಮೆಯಾಗಿ ಬೆಕ್ಕುಗಳು ಸಾಯತೊಡಗಿದವು. ಸಂತತಿ ಉಳಿಸಲು ವಿಜ್ಞಾನಿಗಳು ವೀರ್ಯವನ್ನೂ ಭ್ರೂಣವನ್ನೂ ಹೆಪ್ಪುಗಟ್ಟಿಸಿ ಇಟ್ಟರು. 2012ರ ಫೆಬ್ರವರಿಯಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್‌ನ ಆಡುಬಾನ್ ಸಂಸ್ಥೆಯಲ್ಲಿ ವರ್ಷಗಳ ಹಿಂದೆ ಹೆಪ್ಪುಗಟ್ಟಿಸಿದ್ದ ಭ್ರೂಣವೊಂದು ಅಮೆಲೀ ಎಂಬ ಮನೆಬೆಕ್ಕಿನ ಗರ್ಭದಲ್ಲಿ ಬೆಳೆದು ಕರಿಪಾದದ ಮರಿಯಾಗಿ ಹುಟ್ಟಿತು. ಅದಕ್ಕೆ ಕ್ರಿಸ್ಟಲ್ ಎಂದು ಹೆಸರಿಟ್ಟರು. ಒಂದು ಮರಿಗಾಗಿ ಇಷ್ಟು ಕೈ, ಇಷ್ಟು ವರ್ಷ, ಇಷ್ಟು ವಿದ್ಯೆ! ಆ ಶ್ರದ್ಧೆಗೆ ತಲೆಬಾಗಲೇಬೇಕು. ಜೊತೆಗೆ ಇನ್ನೊಂದನ್ನೂ ನೆನೆಯಬೇಕು. ಅಲ್ಲಿ ಪ್ರಯೋಗಾಲಯ ಹರಸಾಹಸಪಟ್ಟು ಮಾಡಿದ್ದನ್ನು ನಮ್ಮ ಜೋಳದ ಹೊಲದಲ್ಲಿ ತಾಯಿಬೆಕ್ಕು ಯಾರ ನೆರವೂ ಇಲ್ಲದೆ ಪ್ರತಿವರ್ಷ ಮಾಡುತ್ತಿದೆ.

ಕಲಘಟಗಿಯ ಕಡೆಗೆ ಹೋದರೆ ನೆಲ ಕೆಂಪಾಗುತ್ತದೆ, ಭತ್ತದ ಗದ್ದೆಗಳು ಬರುತ್ತವೆ, ತೇಗದ ಕಾಡು ಶುರುವಾಗುತ್ತದೆ. ಕರ್ನಾಟಕದ ಇಂಥ ಎಲೆಯುದುರುವ ಕಾಡುಗಳಲ್ಲಿ ಅಡವಿಬೆಕ್ಕಿಗಿಂತ ಸಣ್ಣ ಬೆಕ್ಕೊಂದಿದೆ, ತುಕ್ಕುಚುಕ್ಕೆ ಬೆಕ್ಕು. ಬೂದು ಮೈಮೇಲೆ ತುಕ್ಕಿನ ಬಣ್ಣದ ಚುಕ್ಕೆ. ತೂಕ ಒಂದೂವರೆ ಕಿಲೋ ಆಸುಪಾಸು. ಜಗತ್ತಿನ ಅತಿ ಚಿಕ್ಕ ಕಾಡುಬೆಕ್ಕುಗಳ ಸಾಲಿನಲ್ಲಿ ಕರಿಪಾದದ ಬೆಕ್ಕಿನ ಸರಿಜೋಡಿ ಇದು. ದಕ್ಷಿಣ ಭಾರತದಲ್ಲಿ ಗದ್ದೆಗಳ ನಡುವಿನ ಮನೆಗಳ ಅಟ್ಟದಲ್ಲಿ ಇದು ಮರಿ ಹಾಕಿದ್ದೂ ಉಂಟು. ಹತ್ತೊಂಬತ್ತನೆಯ ಶತಮಾನದ ಪ್ರಾಣಿಶಾಸ್ತ್ರಜ್ಞ ಜೆರ್ಡಾನ್ ಇದರ ಮರಿಯೊಂದನ್ನು ಸಾಕಿದ್ದ. ಅದು ಎಂಟು ತಿಂಗಳಿನದಾಗಿದ್ದಾಗ ಚಿಂಕಾರದ ಮರಿ ಇದ್ದ ಕೋಣೆಗೆ ಬಿಟ್ಟನಂತೆ. ಕಂಡ ಕ್ಷಣವೇ ಅದು ಹಾರಿ, ತನಗಿಂತ ಎಷ್ಟೋ ದೊಡ್ಡದಾದ ಆ ಮರಿಯ ಕತ್ತಿನ ಹಿಂಭಾಗ ಹಿಡಿಯಿತು. ಬಿಡಿಸಲು ಹೆಣಗಬೇಕಾಯಿತು. ಯಾರೂ ಕಲಿಸಿರಲಿಲ್ಲ. ಮನುಷ್ಯರ ನಡುವೆ ತಿಂಗಳುಗಟ್ಟಲೆ ಬೆಳೆದರೂ ಮೈಯೊಳಗಿನ ಕಾಡು ಒಂದಿಷ್ಟೂ ಮಾಸಿರಲಿಲ್ಲ. ಇಂಥ ಬೆಕ್ಕುಗಳ ರಸವೆಲ್ಲ ಅದರಲ್ಲೇ ಇದೆ. ಅದನ್ನು ಕೆಡಿಸದೆ ಉಳಿಸಿಕೊಡುವುದೇ ಆರೈಕೆ, ಉಳಿದದ್ದೆಲ್ಲ ನಮ್ಮ ಆಸೆ.

ಮಹಾರಾಷ್ಟ್ರದ ಜುನ್ನರ್ ಭಾಗದಲ್ಲಿ ಕಬ್ಬು ಕಡಿಯುವಾಗ ಸಿಕ್ಕ ಅಡವಿಬೆಕ್ಕಿನ, ತುಕ್ಕುಚುಕ್ಕೆ ಬೆಕ್ಕಿನ ಮರಿಗಳನ್ನು ಅರಣ್ಯ ಇಲಾಖೆ ಮತ್ತು ವೈಲ್ಡ್‌ಲೈಫ್ ಎಸ್‌ಒಎಸ್ ಸಂಸ್ಥೆ ಎಷ್ಟೋ ಸಲ ತಾಯಿಗೆ ಒಪ್ಪಿಸಿವೆ. ವಿಧಾನ ಸರಳ. ಪಶುವೈದ್ಯರು ಮರಿಯನ್ನು ಪರೀಕ್ಷಿಸುತ್ತಾರೆ. ಸಂಜೆ ಮರಿ ಸಿಕ್ಕ ಜಾಗದಲ್ಲೇ ಪೆಟ್ಟಿಗೆಯಲ್ಲಿಟ್ಟು, ಕ್ಯಾಮೆರಾ ಹೂಡಿ, ಜನರನ್ನೆಲ್ಲ ದೂರ ಕಳಿಸುತ್ತಾರೆ. ಕತ್ತಲಾದ ಮೇಲೆ ತಾಯಿ ಬಂದು, ಮೂಸಿ, ಒಂದೊಂದನ್ನೇ ಕತ್ತಿನ ಚರ್ಮ ಹಿಡಿದು ಎತ್ತಿಕೊಂಡು ಹೋಗುತ್ತದೆ. ನವಲಗುಂದ, ಕುಂದಗೋಳ, ಅಣ್ಣಿಗೇರಿಯ ಹೊಲಗಳಲ್ಲೂ ಇದೇ ದಾರಿ. ಕೊಯ್ಲಿನಲ್ಲಿ ಮರಿ ಕಂಡರೆ ಅದರ ಸುತ್ತಲಿನ ನಾಲ್ಕು ಸಾಲು ದಂಟು ಬಿಟ್ಟು ಮುಂದೆ ಕೊಯ್ಯಿರಿ. ಆ ನಾಲ್ಕು ಸಾಲನ್ನು ಮರುದಿನ ಕೊಯ್ದರಾಯಿತು. ನಾಯಿಯನ್ನು ಕಟ್ಟಿಹಾಕಿ. ತಾಯಿ ಸತ್ತದ್ದು ಕಣ್ಣಿಗೆ ಬಿದ್ದಿದ್ದರೆ, ಮರಿಗೆ ಗಾಯವಾಗಿದ್ದರೆ 1926ಕ್ಕೆ ಕರೆ ಮಾಡಿ. ಅದು ಅರಣ್ಯ ಇಲಾಖೆಯ ಸಹಾಯವಾಣಿ. ಮನೆಯಲ್ಲಿಟ್ಟು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ.

ಬೆಕ್ಕಿನ ಅಳಿವು ಉಳಿವು ನಿಜವಾಗಿ ನಿಂತಿರುವುದು ಬದುವಿನ ಮೇಲೆ. ಒಂದು ಸಾಲು ಹೆಚ್ಚು ಬಿತ್ತುವ ಆಸೆಗೆ ಬದು ಸವೆದರೆ, ಹಳ್ಳದ ದಂಡೆಯ ಪೊದೆಗೆ ಬೆಂಕಿ ಬಿದ್ದರೆ ಹಗಲು ಮಲಗಲು ಜಾಗವಿಲ್ಲ. ಪಾಷಾಣ ತಿಂದು ತೂರಾಡುವ ಇಲಿಯನ್ನು ಹಿಡಿದ ಬೆಕ್ಕಿನ ಮೈಗೂ ಆ ವಿಷ ಸೇರುತ್ತದೆ. ಹುಬ್ಬಳ್ಳಿ–ಗದಗ ಹೆದ್ದಾರಿಯಲ್ಲಿ ರಾತ್ರಿ ವಾಹನಗಳ ವೇಗಕ್ಕೆ ಅದರ ನಿಧಾನದ ಹೆಜ್ಜೆ ಎಲ್ಲಿ ಸರಿಸಾಟಿಯಾದೀತು? ಜಗತ್ತಿನ ಲೆಕ್ಕದಲ್ಲಿ ಅಡವಿಬೆಕ್ಕು ಇನ್ನೂ ಅಪಾಯದ ಪಟ್ಟಿ ಸೇರಿಲ್ಲ. ಇದು ನಮ್ಮ ಭಾಗ್ಯ. ಕರಿಪಾದದ ಬೆಕ್ಕಿಗೆ ಬಂದ ಕಷ್ಟ ಇದಕ್ಕೆ ಬರುವ ಮೊದಲೇ, ಖರ್ಚಿಲ್ಲದೆ ಉಳಿಸಿಕೊಳ್ಳುವ ಕಾಲದಲ್ಲೇ ನಾವಿದ್ದೇವೆ. ಎಳ್ಳ ಅಮಾಸಿಗೆ ಹೊಲದ ತುಂಬ ಚರಗ ಚೆಲ್ಲಿ ಭೂಮಿತಾಯಿಗೂ ಹೊಲದ ಸಕಲ ಜೀವಗಳಿಗೂ ಪಾಲು ಕೊಡುವ ಮಂದಿ ನಾವು. ಆ ಪಾಲಿನಲ್ಲಿ ಮೂರು ಮೊಳ ಅಗಲದ ಹುಲ್ಲುಬದು ಅಡವಿಬೆಕ್ಕಿಗೆ ಸಲ್ಲಬೇಕು. ಹೊಲದ ದುಡಿಮೆಯಲ್ಲಿ ಅದೂ ಪಾಲುದಾರ. ಬದುವಿನ ಹುಲ್ಲು ಅದರ ಹಕ್ಕು.